ಮುದುಕಿಯ ಮುಚ್ಚಳಕ್ಕೊಂದು ರಬ್ಬರು

ದೂರದ ವಿಷಯಗಳಿಗೆ ಸಿಟ್ಟಾಗುವುದರಲ್ಲಿ ಒಂದು ಸುಖವಿದೆ. ಹತ್ತಿರದ ವಿಷಯಕ್ಕೆ ಸಿಟ್ಟಾದರೆ ಎದ್ದು ಹೋಗಿ ಏನಾದರೂ ಮಾಡಬೇಕಾಗುತ್ತದೆ. ನಲ್ಲಿ ಸೋರುತ್ತಿದೆ ಎಂದು ಕೂಗಾಡಿದರೆ ಪಾನಾ ಹುಡುಕಬೇಕು. ಪಕ್ಕದ ಮನೆಯ ರೇಡಿಯೋ ಜೋರಾಯಿತು ಎಂದರೆ ಕಂಪೌಂಡಿನ ತನಕವಾದರೂ ನಡೆಯಬೇಕು. ಕ್ರಿಕೆಟ್ ತಂಡದ ಆಯ್ಕೆ, ಪರದೇಶದ ಯುದ್ಧ, ದಿಲ್ಲಿಯ ದರಬಾರು, ಇವುಗಳಿಗೆ ಆ ಉಪದ್ರವವಿಲ್ಲ. ಚಹಾ ಆರುವ ತನಕ ಕುದ್ದು, ಆರಿದ ಚಹಾದ ಸಲುವಾಗಿ ಹೆಂಡತಿಯ ಮೇಲೆ ಇನ್ನೊಂದಿಷ್ಟು ಕುದ್ದು, ಹಗುರಾಗಿ ಸ್ನಾನಕ್ಕೆ ಹೋಗಬಹುದು. ನಾನು ಎಷ್ಟೋ ವರ್ಷ ಹೀಗೇ ಆರೋಗ್ಯ ಕಾಪಾಡಿಕೊಂಡು ಬಂದಿದ್ದೇನೆ.

ಹೀಗೆ ಸಾಕಿ ಬೆಳೆಸಿದ ಸಿಟ್ಟುಗಳಲ್ಲಿ ಎಲ್ಲಕ್ಕಿಂತ ಹಿರಿದು, ನಮ್ಮ ಸೈನ್ಯದ ಹಳೆಯ ಉಕ್ಕಿನ ಗಾಡಿಗಳ ಮೇಲಿನದು. ಗಾಡಿಗಳ ಮೇಲಲ್ಲ, ಅವನ್ನು ಬದಲಿಸದವರ ಮೇಲೆ. ಹುಬ್ಬಳ್ಳಿಯ ವಿದ್ಯಾನಗರದ ಒಂದು ಕಾಲೇಜಿನ ಖರೀದಿ ವಿಭಾಗದಲ್ಲಿ ಕುಳಿತು ಸೀಮೆಸುಣ್ಣ, ಫಿನಾಯಿಲು, ಹಾಜರಿ ಪುಸ್ತಕ ತರಿಸುವ ಗುಮಾಸ್ತನಿಗೂ ಯುದ್ಧದ ಗಾಡಿಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಹೆಂಡತಿಯ ಕಡೆಯಿಂದ ಬಂದದ್ದು. ಶಾಂತಾಳ ತಮ್ಮ ಶಿವಾನಂದ ಸೈನ್ಯದಲ್ಲಿ ಅಂಥ ಒಂದು ಗಾಡಿಯ ಚಾಲಕ. ಟ್ಯಾಂಕಿನಂತೆ ಗಾಲಿಯ ಬದಲು ಉಕ್ಕಿನ ಪಟ್ಟಿಯ ಮೇಲೆ ಓಡುವ ಗಾಡಿ ಅದು. ಹೊಟ್ಟೆಯಲ್ಲಿ ಬಂದೂಕು ಹಿಡಿದ ಕಾಲಾಳುಗಳನ್ನು ಕೂರಿಸಿಕೊಂಡು ಗುಂಡಿನ ಮಳೆಯಲ್ಲಿ ಮುಂದೆ ಹೋಗುತ್ತದೆ. ಹೊಳೆ ಅಡ್ಡ ಬಂದರೆ ಇಳಿದು ಈಜುತ್ತದೆ. ಅಷ್ಟು ತೂಕದ ಉಕ್ಕು ಈಜುತ್ತದೆ ಎಂಬುದನ್ನು ಶಾಂತಾ ಇವತ್ತಿಗೂ ನಂಬಿಲ್ಲ.

ಗಾಡಿ ವಯಸ್ಸಿನಲ್ಲಿ ಶಿವಾನಂದನಿಗಿಂತ ದೊಡ್ಡದು. ಅದಕ್ಕೇ ಅವನ ಪಲಟಣದವರೆಲ್ಲ ಅದನ್ನು ‘ಮುದುಕಿ’ ಎನ್ನುತ್ತಾರೆ. ರಜೆಯ ಮೇಲೆ ಹುಬ್ಬಳ್ಳಿಗೆ ಬಂದಾಗ ಊರಿನವರ ಯೋಗಕ್ಷೇಮಕ್ಕಿಂತ ಮೊದಲು ಅವನು ಹೇಳುವುದು ಅದರ ಯೋಗಕ್ಷೇಮ. “ಮುದುಕಿ ಛಲೋ ಅದಾಳ್ರಿ ಮಾಮಾ. ಮುಂಜಾನೆ ಏಳೂದು ಸ್ವಲ್ಪ ತಡ. ಒಮ್ಮೆ ಎದ್ಲಂದ್ರ ಯಾರ ಮಾತೂ ಕೇಳೂದಿಲ್ಲ” ಎನ್ನುತ್ತಾನೆ. ಅವನ ಬೆರಳಿನ ಸಂದಿಯ ಕಪ್ಪು ಗ್ರೀಸು ತಿಂಗಳ ರಜೆ ಮುಗಿದರೂ ಹೋಗುವುದಿಲ್ಲ. ಶಾಂತಾ ಸೀಗೇಕಾಯಿ, ನಿಂಬೆಹಣ್ಣು ಎಲ್ಲ ಹಚ್ಚಿ ತಿಕ್ಕಿ ಸೋತಿದ್ದಾಳೆ.

ಮುದುಕಿಯ ಬದಲಿಗೆ ಹೊಸ ಗಾಡಿ ಬರುತ್ತದೆ ಎಂಬ ಸುದ್ದಿಯನ್ನು ನಾನು ಶಿವಾನಂದ ಸೈನ್ಯ ಸೇರಿದ ವರ್ಷದಿಂದ ಓದುತ್ತಿದ್ದೇನೆ. ಓದಿ ಬಿಡುವ ಜಾತಿ ನನ್ನದಲ್ಲ. ಕತ್ತರಿಯಿಂದ ಅಚ್ಚುಕಟ್ಟಾಗಿ ಕತ್ತರಿಸಿ ಹಸಿರು ಫೈಲಿನಲ್ಲಿ ಹಚ್ಚುತ್ತೇನೆ. ಆ ಫೈಲು ಈಗ ಎರಡು ಕೈಯಲ್ಲಿ ಎತ್ತುವಷ್ಟಾಗಿದೆ. ಹೊಸ ಗಾಡಿ ಹೇಗಿರಬೇಕು ಎಂದು ತೀರ್ಮಾನಿಸಲು ಒಂದು ಸಮಿತಿ, ಆ ತೀರ್ಮಾನ ಸರಿಯೇ ಎಂದು ನೋಡಲು ಇನ್ನೊಂದು ಸಮಿತಿ. ಗಾಡಿ ನೀರಿನಲ್ಲಿ ತೇಲಬೇಕಂತೆ, ಅಂದರೆ ಹಗುರಿರಬೇಕು. ಸಿಡಿಗುಂಡು ತಡೆಯಬೇಕಂತೆ, ಅಂದರೆ ದಪ್ಪಗಿರಬೇಕು. ವಿಮಾನದ ಹೊಟ್ಟೆಯಲ್ಲಿ ಹಿಡಿಸುವಷ್ಟು ಚಿಕ್ಕದಿರಬೇಕು, ತನ್ನ ಹೊಟ್ಟೆಯಲ್ಲಿ ಮೊದಲಿಗಿಂತ ಹೆಚ್ಚು ಮಂದಿ ಹಿಡಿಸಬೇಕು. ಮರಳಿನಲ್ಲಿ ಓಡಬೇಕು, ಹಿಮದಲ್ಲಿ ಹತ್ತಬೇಕು, ರಾತ್ರಿ ಕಾಣಬೇಕು, ತಾನು ಯಾರಿಗೂ ಕಾಣಬಾರದು. ನಮ್ಮ ಕಡೆ ಒಬ್ಬಳೇ ಮಗಳಿಗೆ ವರ ಹುಡುಕುವವರೂ ಇಷ್ಟು ಕೇಳುವುದಿಲ್ಲ. ಕಡೆಗೆ ಅಂಥದೊಂದು ಗಾಡಿ ಭೂಮಿಯ ಮೇಲೆ ಇಲ್ಲ ಎಂದು ಗೊತ್ತಾದಾಗ ‘ವಿವರಗಳನ್ನು ಮರುಪರಿಶೀಲಿಸಲಾಗುವುದು’ ಎಂಬ ಒಂದು ಸಾಲು ಬರುತ್ತದೆ. ಆ ಸಾಲು ಕಂಡ ದಿನ ನನ್ನ ಮೈಯೆಲ್ಲ ಉರಿಯುತ್ತದೆ. ಇವರ ಮಕ್ಕಳು ಆ ಗಾಡಿಯಲ್ಲಿ ಕೂತಿದ್ದರೆ ಇವರು ಹೀಗೆ ಮಾಡುತ್ತಿದ್ದರೇ ಎಂದು ನಾನು ಚಹಾದ ಕಪ್ಪು ಕುಕ್ಕುತ್ತೇನೆ. ಒಂದು ಕಪ್ಪು ಒಡೆದೂ ಇದೆ.

ಕೆಲವು ವರ್ಷಗಳ ಹಿಂದೆ, ಆಷಾಢದಲ್ಲಿ, ಶಿವಾನಂದ ತಿಂಗಳ ರಜೆಯ ಮೇಲೆ ಬಂದಿದ್ದ. ರೊಟ್ಟಿ, ಝುಣಕ, ಶೇಂಗಾ ಚಟ್ನಿ ಮುಂದಿಟ್ಟುಕೊಂಡು ಕುಳಿತವನ ಎದುರು ನಾನು ಹಸಿರು ಫೈಲು ಬಿಚ್ಚಿ ಮೊದಲಿನಿಂದ ಓದತೊಡಗಿದೆ. ಸೈನ್ಯದಲ್ಲಿರುವವನು ಅವನು, ಸಿಟ್ಟಾಗುವವನು ನಾನು. ಅವನೋ ನಗುತ್ತ ಕೂತಿದ್ದ.

“ಮಾಮಾ, ಅವರದೂ ಪೂರಾ ತಪ್ಪಂತ ಹೇಳಾಕ ಬರೂದಿಲ್ರಿ. ಒಬ್ಬ ಸಾಹೇಬ್ರು ಹೊಳಿ ನೋಡಿರ್ತಾರ, ಒಬ್ಬರು ಗುಡ್ಡ ನೋಡಿರ್ತಾರ, ಇನ್ನೊಬ್ಬರ ಮಂದಿ ನೆಲಬಾಂಬಿನ ಸ್ಫೋಟದಾಗ ಸತ್ತಿರ್ತಾರ. ಎಲ್ಲಾರೂ ತಾವು ಕಂಡದ್ದಕ್ಕ ಔಷಧ ಕೇಳ್ತಾರ. ಎಲ್ಲಾ ಔಷಧ ಒಂದ ಬಾಟಲಿಯೊಳಗ ಹಾಕಂದ್ರ ತಡ ಆಗೂದ.”

“ತಡ ಆಗ್ಲಿ. ಅಲ್ಲೀತನಕ ಹಳೇದರ ಬಿಡಿಭಾಗ ಕೊಡಬೇಕಲ್ಲೋ?”

“ಅದ ನೋಡ್ರಿ ಮಜಾ,” ಎಂದು ಅವನು ರೊಟ್ಟಿ ಮುರಿದ. “ಮುದುಕಿ ಮುಚ್ಚಳದ ರಬ್ಬರ್ ಹೋಗೇತಿ. ಬೇಡಿಕಿ ಕಳಿಸಿದ್ವಿ. ಹೊಸಾ ಗಾಡಿ ಬರೂದೈತಿ, ಹಳೇದಕ್ಕ ಯಾಕ ಖರ್ಚು ಅಂತ ವಾಪಸ್ ಬಂತು.”

ಚಾಲಕ ಕೂರುವುದು ಗಾಡಿಯ ಮೂಗಿನ ಹತ್ತಿರ. ತಲೆಯ ಮೇಲೆ ಉಕ್ಕಿನ ಮುಚ್ಚಳ. ನೀರಿಗಿಳಿದಾಗ ಅಲೆ ಮೂಗಿನ ಮೇಲೆ ಹತ್ತಿ ಬರುವುದರಿಂದ ಆ ಮುಚ್ಚಳ ಭದ್ರವಾಗಿ ಮುಚ್ಚಿರಬೇಕು. ಮುಚ್ಚಳದ ಸುತ್ತ ಇರುವ ರಬ್ಬರಿನ ಬಳೆ ಬಿಸಿಲು ತಿಂದು ತಿಂದು ಹಪ್ಪಳದಂತೆ ಬಿರುಕು ಬಿಟ್ಟಿತ್ತು. ಹಿಂದಿನ ಸಲ ಹೊಳೆ ದಾಟುವ ಕವಾಯತಿನಲ್ಲಿ ನೀರು ಇವನ ತಲೆಯ ಮೇಲಿಂದ ಇಳಿದು ಇಳಿದು ಮೊಣಕಾಲಿಗೆ ಬಂದಿತ್ತಂತೆ. “ಒಳಗ ಪಂಪ್ ಐತ್ರಿ, ಉಗಳತೈತಿ. ಆದ್ರ ಮುದುಕಿಗೂ ದಮ್ಮು ಕಡಿಮಿ. ಹಿಂದ ಎಂಟು ಮಂದಿ ಕೂತಿದ್ರು. ಅವರಿಗೆ ನಾ ಹೇಳಲೇ ಇಲ್ಲ. ಹಾಡು ಹಾಡಾಕತ್ತಿದ್ರು” ಎಂದು ಅವನು ನಗುತ್ತಲೇ ಹೇಳಿದ. ಚಟ್ನಿ ಬಡಿಸಲು ಬಂದ ಶಾಂತಾ ಹಾಗೇ ನೆಲದ ಮೇಲೆ ಕೂತುಬಿಟ್ಟಳು.

“ಮತ್ತ ಯಾವಾಗ ನೀರಿಗಿಳಿಯೂದು?” ಎಂದು ಕೇಳಿದಳು.

“ರಜಾ ಮುಗಿಸಿ ಹೋದ ಮ್ಯಾಲೆ ಹತ್ತ ದಿನಕ್ಕ.”

ಆಮೇಲೆ ಅವನು ಚೀಲದಿಂದ ಆ ಹಳೆಯ ರಬ್ಬರಿನ ಬಳೆಯನ್ನೇ ತೆಗೆದು ನನ್ನ ಮುಂದಿಟ್ಟ. ಹುಬ್ಬಳ್ಳಿ ಕಾರಖಾನೆಗಳ ಊರು, ಅಲ್ಲಿ ಯಾರಾದರೂ ಮಾಡಿಕೊಟ್ಟರೆ ಮಾಡಿಸಿಕೊಂಡು ಬಾ ಎಂದು ಅವನ ಸುಬೇದಾರರು ಕೊಟ್ಟು ಕಳಿಸಿದ್ದರು. “ಕುಕ್ಕರಿನ ರಿಂಗ್ ಇದ್ದಂಗ ಐತೇಳ್ರಿ. ದುರ್ಗದಬೈಲ ಪ್ಯಾಟಿಗೆ ಹೋದ್ರ ಒಂದು ತಾಸಿನ ಕೆಲಸ” ಎಂದಳು ಶಾಂತಾ. ನನಗೆ ಅವಳ ಮಾತು ತೀರ ಬಾಲಿಶವೆನಿಸಿತು. ಎಂಟು ಜನರ ಜೀವದ ಪ್ರಶ್ನೆ, ಇವಳಿಗೆ ಕುಕ್ಕರು ಕಾಣುತ್ತದೆ. ನಾನು ರಬ್ಬರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, “ಶಿವಾನಂದ, ಇದನ್ನ ನನಗ ಬಿಡು. ದಿಲ್ಲಿಯವರಿಗೆ ಇಷ್ಟು ವರ್ಷದಾಗ ಆಗದ್ದು ಒಂದು ತಿಂಗಳದಾಗ ಹೆಂಗ ಆಗ್ತದ ಅಂತ ತೋರಸ್ತೇನಿ” ಎಂದೆ. ಅವನು ಕೈಮುಗಿದ.

ಇಲ್ಲಿ ನನ್ನ ವೃತ್ತಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಖರೀದಿ ಎಂದರೆ ಅಂಗಡಿಗೆ ಹೋಗಿ ಸಾಮಾನು ತರುವುದು ಎಂದು ಜನ ತಿಳಿದಿದ್ದಾರೆ. ಅದು ಸಂತೆ. ಖರೀದಿಗೆ ವಿವರಪಟ್ಟಿ ಬೇಕು, ನಮೂನೆ ಬೇಕು, ಮೂರು ಕಡೆಯ ಹೋಲಿಕೆ ಬೇಕು, ಒಪ್ಪಿಗೆ ಬೇಕು. ನಮ್ಮ ಪ್ರಿನ್ಸಿಪಾಲರ ಕುರ್ಚಿಯ ಕಾಲು ಮುರಿದಾಗ ಹೊಸದನ್ನು ತರಿಸಿದವನು ನಾನೇ. ಅವರು ಗಿಡ್ಡ, ದಪ್ಪ. ಅವರ ಅಳತೆಗೆ ತಕ್ಕಂತೆ ವಿವರಪಟ್ಟಿ ಬರೆದೆ. ಉಪಪ್ರಿನ್ಸಿಪಾಲರು ಗಾಲಿ ಇರಲಿ ಎಂದರು. ಗ್ರಂಥಪಾಲರು ಹಿಂದಕ್ಕೆ ಬಾಗಲಿ ಎಂದರು. ವ್ಯಾಯಾಮದ ಮೇಷ್ಟ್ರು ಬಾಗಬಾರದು ಎಂದರು. ಎಲ್ಲವನ್ನೂ ಸೇರಿಸಿ ಕುರ್ಚಿ ಬರುವ ಹೊತ್ತಿಗೆ ಆ ಪ್ರಿನ್ಸಿಪಾಲರು ನಿವೃತ್ತರಾಗಿ ಆರು ಅಡಿ ಎತ್ತರದ ಕೋಲಿನಂಥವರೊಬ್ಬರು ಬಂದಿದ್ದರು. ಅವರು ಈಗಲೂ ಎರಡು ಬದಿಗೆ ಎರಡು ದಪ್ಪ ರಜಿಸ್ಟರು ಇಟ್ಟುಕೊಂಡು ನಡುವೆ ಕೂರುತ್ತಾರೆ. ಆದರೆ ಕುರ್ಚಿ ಇವತ್ತಿಗೂ ಒಂದು ಕೂದಲೆಳೆಯಷ್ಟೂ ಅಲುಗಾಡಿಲ್ಲ.

ಮರುದಿನ ದುರ್ಗದಬೈಲಿನ ಹಿಂದಿನ ಗಲ್ಲಿಗೆ ಹೋದೆ. ಅಲ್ಲಿ ಇಸ್ಮಾಯಿಲ್ ಸಾಹೇಬರು ಎಣ್ಣೆ ಗಿರಣಿಗಳಿಗೆ, ಆಟೋಗಳಿಗೆ ಬೇಕಾದ ರಬ್ಬರಿನ ಸಾಮಾನು ಅಚ್ಚು ಹಾಕಿ ಕೊಡುತ್ತಾರೆ. ಸೈನ್ಯದ ಹುಡುಗನ ಕೆಲಸ ಎಂದು ಹೇಳಿ ನಾನು ಕೊಟ್ಟದ್ದನ್ನು ಹಿಚುಕಿ, ಮೂಸಿ, ಉಗುರಿನಿಂದ ಕೆರೆದು, “ಒಂದು ಗೇಣಿನ ತುಂಡು ಕೊಟ್ಟು ಹೋಗ್ರಿ ಸಾಹೇಬ್ರ, ನಾಳಿ ಸಂಜಿಗೆ ಒಯ್ಯಾಕ ಬರ್ರಿ” ಎಂದರು.

ನಾಳೆ ಸಂಜೆ! ನನಗೆ ಅವರ ಮೇಲಿನ ವಿಶ್ವಾಸವೇ ಹಾರಿಹೋಯಿತು. ಗಾಡಿ ಯಾವುದು, ನೀರು ಸಿಹಿಯೋ ಉಪ್ಪೋ, ಬಿಸಿಲೆಷ್ಟು, ಏನೂ ಕೇಳದೆ ನಾಳೆ ಸಂಜೆ ಕೊಡುವವನನ್ನು ಖರೀದಿ ವಿಭಾಗದಲ್ಲಿ ಹೊಸ್ತಿಲು ದಾಟಿಸುವುದಿಲ್ಲ. “ಈಗ ಬರೇ ನಮೂನಿ ಇಟಗೋರಿ. ವಿವರಪಟ್ಟಿ ತರ್ತೇನಿ. ಒಪ್ಪಿಗಿ ಆಗೂತನಕ ಕೆಲಸ ಸುರು ಮಾಡಬ್ಯಾಡ್ರಿ” ಎಂದೆ. ಮೂರು ಕಡೆ ಕೇಳಬೇಕಲ್ಲ, ಒಂದು ಬಳೆ ಮೂರು ಕಡೆ ಹೇಗೆ ಇರಲು ಸಾಧ್ಯ? ಹಿಂದಿನ ಸಂಜೆಯೇ ಪತ್ರಿಕೆ ಕತ್ತರಿಸುವ ಕತ್ತರಿಯಿಂದ ಅದನ್ನು ಮೂರು ತುಂಡು ಮಾಡಿಕೊಂಡು ಬಂದಿದ್ದೆ. ಒಂದು ಇಲ್ಲಿ, ಇನ್ನೆರಡನ್ನು ಬೇರೆ ಎರಡು ವರ್ಕ್‌ಶಾಪುಗಳಲ್ಲಿ ಕೊಟ್ಟೆ. ಕತ್ತರಿಸುವ ಮೊದಲು ಉದ್ದ ಅಳೆದಿದ್ದಿರಾ ಎಂದು ನೀವು ಕೇಳುತ್ತೀರಿ. ಎಲ್ಲರೂ ಅದನ್ನೇ ಕೇಳಿದರು. ಅಳೆಯುವುದು ಎಂಜಿನಿಯರರ ಕೆಲಸ, ಹಂಚುವುದು ಖರೀದಿ ವಿಭಾಗದ ಕೆಲಸ. ಇಪ್ಪತ್ತು ವರ್ಷ ಹಾಗೇ ನಡೆಸಿದ್ದೇನೆ.

ವಿವರಪಟ್ಟಿಗೆ ತಿಳಿದವರ ಸಲಹೆ ಬೇಕಿತ್ತು. ನಮ್ಮ ಓಣಿಯಲ್ಲಿ ರೈಲ್ವೆಯಿಂದ ನಿವೃತ್ತರಾದ ಹಿರೇಮಠ ಕಾಕಾ ಇದ್ದಾರೆ. ಡೀಜಲ್ಲು ಬಿದ್ದರೆ ರಬ್ಬರು ಉಬ್ಬಬಾರದು ಎಂದರು, ಬರೆದುಕೊಂಡೆ. ನಮ್ಮ ಕಾಲೇಜಿನ ಭೌತಶಾಸ್ತ್ರದವರು ಮರಳುಗಾಡಿನ ಬಿಸಿಯನ್ನೂ ಹಿಮಾಲಯದ ಚಳಿಯನ್ನೂ ತಡೆಯಬೇಕು ಎಂದರು, ಅದನ್ನೂ ಬರೆದುಕೊಂಡೆ. ರಸಾಯನಶಾಸ್ತ್ರದವರು ಉಪ್ಪುನೀರಿನ ಬಗ್ಗೆ ಎಚ್ಚರಿಸಿದರು. ಜೀವಶಾಸ್ತ್ರದವರನ್ನು ಕೇಳದೆ ಬಿಟ್ಟರೆ ಬೇಜಾರಾದಾರು ಎಂದು ಕೇಳಿದೆ, ಇಲಿ ಕಡಿಯದಂತಿರಲಿ ಎಂದರು. ಪ್ರತಿ ಸಲಹೆಯೂ ಯೋಗ್ಯವಾಗಿತ್ತು. ಪ್ರತಿ ಸಲಹೆಗೂ ಹಾಳೆ ಹೊಸದಾಗಿ ಟೈಪಾಗಬೇಕಿತ್ತು. ಪ್ರತಿ ಹೊಸ ಹಾಳೆಯನ್ನೂ ಮೂರು ಅಂಗಡಿಗೆ ಮುಟ್ಟಿಸಿ ಹಳೆಯದನ್ನು ವಾಪಸು ಪಡೆಯಬೇಕಿತ್ತು. ಆಷಾಢದ ಜಿಟಿಜಿಟಿ ಮಳೆಯಲ್ಲಿ, ಸ್ಕೂಟರಿನ ಮೇಲೆ, ಹಾಳೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ನಾನು ಪಟ್ಟ ಪಾಡು ಯಾವ ಸೇನಾಧಿಪತಿಯೂ ಪಟ್ಟಿರಲಿಕ್ಕಿಲ್ಲ. ಮೂರನೆಯ ಹಾಳೆ ಓದಿದ ಇಸ್ಮಾಯಿಲ್ ಸಾಹೇಬರು ಕನ್ನಡಕ ತೆಗೆದು, “ಸಾಹೇಬ್ರ, ಇಷ್ಟೆಲ್ಲಾ ಗುಣ ಇದ್ದದ್ದು ರಬ್ಬರ್ ಆಗಿ ಯಾಕ ಹುಟ್ಟತೈತ್ರಿ?” ಎಂದರು. ನಾನು ಅದನ್ನು ತಾಂತ್ರಿಕ ಆಕ್ಷೇಪಣೆ ಎಂದು ದಾಖಲಿಸಿಕೊಂಡೆ.

ಇದರ ನಡುವೆ ಉದ್ದದ ತಕರಾರು ಎದ್ದಿತು. ಉಳಿದಿಬ್ಬರು ವರ್ಕ್‌ಶಾಪಿನವರು ಒಟ್ಟು ಉದ್ದ ಎಷ್ಟು ಎಂದು ಕೇಳಿದರು. ಮೂರು ತುಂಡು ಕೂಡಿಸಿ ಅಳೆಯೋಣವೆಂದರೆ ಒಬ್ಬ ತನ್ನ ತುಂಡನ್ನು ಅಲುಗಾಡುವ ಮೇಜಿನ ಕಾಲಿನಡಿ ಸೇರಿಸಿ ಮರೆತಿದ್ದ. ಇನ್ನೊಬ್ಬನದು ಕಸದೊಂದಿಗೆ ಹೋಗಿತ್ತು. ಶಿವಾನಂದನನ್ನು ಕೇಳಿದೆ. ಅವನು ಕಣ್ಣು ಮುಚ್ಚಿ, ಗಾಳಿಯಲ್ಲಿ ಮುಚ್ಚಳದ ಸುತ್ತ ಕೈಯಾಡಿಸಿ, “ನನ್ನ ಕೈಲೆ ಮೂರು ಮೊಳ, ಮ್ಯಾಲೊಂದು ಗೇಣು. ದಿನಾ ಒರಸ್ತೇನಲ್ರಿ, ಕೈಗೆ ಗೊತ್ತೈತಿ” ಎಂದ. ಮೊಳ, ಗೇಣುಗಳನ್ನು ವಿವರಪಟ್ಟಿಯಲ್ಲಿ ಬರೆಯಲು ಬರುತ್ತದೆಯೇ? ಸೆಂಟಿಮೀಟರಿನಲ್ಲಿ ತರಿಸು ಎಂದು ಅವನ ಪಲಟಣಕ್ಕೆ ಪತ್ರ ಬರೆಸಿದೆ. ಆ ಪತ್ರಕ್ಕೆ ಉತ್ತರ ಕಾಯುತ್ತ ಇನ್ನೂ ಹತ್ತು ದಿನ ಹೋದವು. ಶಾಂತಾ ದಿನಾ ಸಂಜೆ ಬಾಗಿಲಲ್ಲೇ ನಿಂತು “ಆತೇನ್ರಿ?” ಎಂದು ಕೇಳುತ್ತಿದ್ದಳು. “ಅಂತಿಮ ಹಂತದಾಗೈತಿ” ಎನ್ನುತ್ತಿದ್ದೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಒಮ್ಮೆಯೂ ಅನಿಸಲಿಲ್ಲ. ಕೆಲಸ ಭರದಿಂದ ನಡೆದಿತ್ತು, ನನ್ನ ಚಪ್ಪಲಿ ಸವೆದಿತ್ತು.

ಉತ್ತರ ಬರುವ ಮೊದಲು ರಜೆ ಮುಗಿಯಿತು.

ಸ್ಟೇಷನ್ನಿಗೆ ನಾನೂ ಶಾಂತಾಳೂ ಹೋಗಿದ್ದೆವು. ಅವಳು ರೊಟ್ಟಿಯ ಗಂಟನ್ನು ತಮ್ಮನ ಚೀಲಕ್ಕೆ ಸೇರಿಸಲು ಜಿಪ್ಪು ಎಳೆದಾಗ ಒಳಗೆ ಮಡಚಿಟ್ಟ ಎರಡು ಸೈಕಲ್ ಟ್ಯೂಬು ಕಂಡವು. ಹಿಂದಿನ ದಿನ ಅವನೊಬ್ಬನೇ ದುರ್ಗದಬೈಲಿಗೆ ಹೋಗಿ ಬಂದದ್ದು ಏಕೆಂದು ಆಗ ಗೊತ್ತಾಯಿತು. “ಇದನ್ನ ಸೀಳಿ ಸುತ್ತಿ ಗ್ರೀಸ್ ಮೆತ್ತಿದ್ರ ಒಂದ್ಸಲದ ಮಟ್ಟಿಗೆ ಹಿಡೀತೈತಿ ಅಕ್ಕಾ, ನೀ ಕಾಳಜಿ ಮಾಡಬ್ಯಾಡ” ಎಂದ. ನಾನು ಗಂಟಲು ಸರಿಮಾಡಿಕೊಂಡು, ಪಲಟಣದ ಕಚೇರಿಯವರು ಒಂದು ಅಳತೆ ಕಳಿಸಲು ಇಷ್ಟು ದಿನ ತೆಗೆದುಕೊಂಡರೆ ಈ ದೇಶದ ಗತಿ ಏನು ಎಂದು ಸುರುಮಾಡಿದೆ. ಅವನು ನನ್ನ ಕಾಲು ಮುಟ್ಟಿ ನಮಸ್ಕರಿಸಿ, “ಇರ್ಲಿ ಬಿಡ್ರಿ ಮಾಮಾ. ಮುಂದಿನ ರಜಾಕ್ಕ ಬಂದಾಗ ಒಯ್ತೇನಿ” ಎಂದ. ಅವನ ದನಿಯಲ್ಲಿ ವ್ಯಂಗ್ಯ ಕಿಂಚಿತ್ತೂ ಇರಲಿಲ್ಲ. ಇದ್ದಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು.

ನಾಲ್ಕು ದಿನ ಬಿಟ್ಟು ಪಲಟಣದಿಂದ ಸೆಂಟಿಮೀಟರ್ ಬಂತು. ನಾನು ಐದನೆಯ ಹಾಗೂ ಕಡೆಯ ಹಾಳೆ ಟೈಪು ಮಾಡಿಸಿ, ರುಜು ಹಾಕಿ, ಇಸ್ಮಾಯಿಲ್ ಸಾಹೇಬರ ಮುಂದೆ ಇಟ್ಟು, “ಒಪ್ಪಿಗಿ ಆತು. ಇನ್ನ ಸುರು ಮಾಡ್ರಿ” ಎಂದೆ. ಅವರು ಹಾಳೆ ನೋಡಲಿಲ್ಲ. ಎದ್ದು, ನಾನು ಕೂತ ಸ್ಟೂಲಿನ ಹಿಂದಿನ ಗೋಡೆಯ ಮೊಳೆಗೆ ಕೈಹಾಕಿ ಒಂದು ಕರಿಯ ಸುರುಳಿ ತೆಗೆದು ನನ್ನ ಮಡಿಲಲ್ಲಿ ಇಟ್ಟರು. ಹೊಸ ರಬ್ಬರು, ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು.

“ಇದು ಯಾವಾಗ ಮಾಡಿದ್ರಿ?”

“ನೀವು ಮೊದಲ ಬಂದ್ರಲ್ಲ, ಅದರ ಮರುದಿವಸ ಸಂಜಿಗೆ. ಮಿಲಿಟ್ರಿ ಹುಡುಗನ ಕೆಲಸ ಅಂದ್ರಿ, ಬ್ಯಾರೆ ಕೆಲಸ ಬಾಜೂಕ ಇಟ್ಟು ಮಾಡೇನ್ರಿ.”

“ಉದ್ದ ಗೊತ್ತಿಲ್ಲದ ಹೆಂಗ ಮಾಡಿದ್ರಿ?”

“ಐದು ಮೊಳ ಮಾಡೇನಿ. ಹೆಚ್ಚಾದದ್ದು ಅವನ ಕೊಯ್ಕೋತಾನ.”

“ಹೇಳಬೇಕಿತ್ತಲ್ರಿ ನನಗ!”

ಇಸ್ಮಾಯಿಲ್ ಸಾಹೇಬರು ನನ್ನ ಮುಖವನ್ನೇ ನೋಡಿದರು. “ಮೂರು ಸಲ ಬಾಯಿ ತೆರದೇನ್ರಿ. ಮೂರೂ ಸಲ ನೀವು, ಇನ್ನೂ ಒಪ್ಪಿಗಿ ಆಗಿಲ್ಲ ಅಂದ್ರಿ. ನಾನು ನಿಮ್ಮ ಹಾಳಿ ಮುಗೀಲಿ ಅಂತ ಕಾದೇನ್ರಿ.”

ಆ ಮೊಳೆಯ ಕೆಳಗೆ ಕೂತು ನಾನು ಅವರ ಮೂರು ಚಹಾ ಕುಡಿದಿದ್ದೆ. ತಲೆ ಎತ್ತಿದ್ದರೆ ಕಾಣುತ್ತಿತ್ತು. ತಿಂಗಳಿಡೀ ಆ ಸುರುಳಿ ಅಲ್ಲಿ ತೂಗುತ್ತಿತ್ತು, ಶಿವಾನಂದ ನಮ್ಮ ಮನೆಯಲ್ಲಿ ಗೋಡೆಗೆ ಸುಣ್ಣ ಹಚ್ಚುತ್ತ, ಅಕ್ಕನಿಗೆ ಕಾಯಿಪಲ್ಲೆ ತರುತ್ತ ದಿನ ಕಳೆಯುತ್ತಿದ್ದ. ನನ್ನ ಬದುಕಿನಲ್ಲಿ ಅಷ್ಟು ನಾಚಿಕೆಯಾದದ್ದು ಬೇರೊಂದಿಲ್ಲ.

ಮನೆಯಲ್ಲಿ ನಡೆದದ್ದನ್ನು ಹೇಳಿದೆ. ಶಾಂತಾ ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹಳೆಯ ಧೋತರ ಹರಿದು, ರಬ್ಬರನ್ನು ಸುತ್ತಿ, ಸೂಜಿಯಿಂದ ಹೊಲಿದು ಪಾರ್ಸಲ್ ಮಾಡಿದಳು. “ಕೊಡು, ಪೋಸ್ಟಿಗೆ ನಾ ಒಯ್ತೇನಿ” ಎಂದರೆ, “ಬ್ಯಾಡ್ರಿ. ಅಲ್ಲಿ ಮೂರು ಪೋಸ್ಟಾಫೀಸ್ ನೋಡ್ತೀರಿ” ಎಂದು ಚಪ್ಪಲಿ ಮೆಟ್ಟಿಕೊಂಡು ತಾನೇ ಹೋದಳು. ತಮ್ಮ ರೈಲು ಹತ್ತಿದ ದಿನದಿಂದ ಲೆಕ್ಕ ಹಿಡಿದು ಅವಳು ಒಂದೊಂದು ದಿನವನ್ನೂ ಬೆರಳು ಮಡಚಿ ಎಣಿಸುತ್ತಿದ್ದದ್ದು ನನಗೆ ಕಾಣುತ್ತಿತ್ತು. ಹತ್ತನೆಯ ದಿನ ಅವಳು ಊಟಕ್ಕೆ ಕೂರಲಿಲ್ಲ. ನಾನೂ ಕೂರಲಿಲ್ಲ.

ಫೋನು ಬಂದದ್ದು ಹದಿಮೂರನೆಯ ದಿನ ಮುಂಜಾನೆ. “ಅಕ್ಕಾ, ನೀರು ಹಿಮ್ಮಡಕ್ಕಿಂತ ಮ್ಯಾಲೆ ಬರಲಿಲ್ಲ. ಟ್ಯೂಬ್ ನಡುವ ಹರೀತು, ಆದ್ರ ಅಷ್ಟರಾಗ ದಂಡಿ ಮುಟ್ಟಿದ್ವಿ. ಎಲ್ಲಾರೂ ಅರಾಮ ಅದೇವಿ” ಎಂದನಂತೆ. ಪಾರ್ಸಲ್ಲು ಮುಟ್ಟಿದ್ದು ಹೊಳೆ ದಾಟಿದ ಎರಡು ದಿನಕ್ಕೆ. “ಮಾಮಾಗ ಹೇಳು, ಭಾಳ ಛಲೋ ರಬ್ಬರ್ ಮಾಡಿಸ್ಯಾರ. ಮುದುಕಿ ಈಗ ಗಟ್ಟಿ ಅದಾಳ. ಇನ್ನ ಹತ್ತ ವರ್ಷ ಹೊಸಾ ಗಾಡಿ ಬರದಿದ್ರೂ ನಡೀತೈತಿ” ಎಂದದ್ದನ್ನು ಶಾಂತಾ ಒಂದಕ್ಷರ ಬಿಡದೆ ನನಗೆ ಒಪ್ಪಿಸಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ ನೋಡುವ ಧೈರ್ಯ ನನಗಾಗಲಿಲ್ಲ.

ಅದಾಗಿ ವಾರ ಕಳೆದಿರಬೇಕು. ಮುಂಜಾನೆ ಚಹಾದ ಜೊತೆ ಪತ್ರಿಕೆ ಬಿಡಿಸಿದರೆ ಒಳಪುಟದ ಮೂಲೆಯಲ್ಲಿ ಅದೇ ಸುದ್ದಿ. ಹೊಸ ಗಾಡಿಯ ವಿವರಗಳನ್ನು ಮರುಪರಿಶೀಲಿಸಲಾಗುವುದು. ನನ್ನ ರಕ್ತ ಮತ್ತೆ ಕುದಿಯಿತು. ಮನುಷ್ಯ ಅಷ್ಟು ಬೇಗ ಬದಲಾಗುವ ಪ್ರಾಣಿಯಲ್ಲ. ಇವರಿಗೆ ನಾಚಿಕೆಯಿಲ್ಲವೇ, ಒಬ್ಬನಾದರೂ ಎದ್ದು ‘ಸಾಕು, ಮಾಡಿರಿ’ ಎನ್ನಬಾರದೇ ಎಂದು ಕಪ್ಪು ಕುಕ್ಕಿ, ಫೈಲು ಕೆಳಗಿಳಿಸಿ, “ಶಾಂತಾ, ಕತ್ತರಿ ಎಲ್ಲೈತಿ?” ಎಂದು ಕೂಗಿದೆ.

ಅವಳು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. ಫೈಲನ್ನೂ ನೋಡಿದಳು, ನನ್ನನ್ನೂ ನೋಡಿದಳು.

“ಆ ಕತ್ತರಿ ಇನ್ನ ನಿಮಗ ಸಿಗೂದಿಲ್ರಿ” ಎಂದಳು.